ಬರಿ ಹಣೆಯ ಬ್ಯಾಟರಿ

ಆ ಶನಿವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಮಾಡಿದ ಕೆಲಸಗಳು: ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ನೀರು ತುಂಬಿಸಿದ್ದು. ಹಾಲು ಕಾಯಿಸಿದ್ದು. ಅತ್ತೆಯ ಪೂಜೆಗೆ ಅಣಿ ಮಾಡಿದ್ದು. ಅವರ ಮಾಸ್ಕನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿಗೆ ಒಣಹಾಕಿದ್ದು. ಉಳಿದ ದೋಸೆ ಹಿಟ್ಟಿಗೆ ಈರುಳ್ಳಿ ಹೆಚ್ಚಿ ಹಾಕಿ ಎಲ್ಲರಿಗೂ ಒಂದೊಂದು ದಪ್ಪ ದೋಸೆ ಮಾಡಿ ಮುಗಿಸಿದ್ದು. ಬೆಡ್‌ಶೀಟು ಎರಡು ಒಗೆದಿದ್ದು. ಅವರೆಕಾಯಿ ಸುಲಿದು ಹುಳಿ ಮಾಡಿದ್ದು. ಅಕ್ಕನಿಗೆ ಫೋನು ಮಾಡಿ, ಬರುತ್ತೇನೆ ಎಂದೂ ಹೇಳದೆ ಬರುವುದಿಲ್ಲ ಎಂದೂ ಹೇಳದೆ ಇಟ್ಟಿದ್ದು. ಕೊನೆಯದಾಗಿ ವ್ಯಾನು ಗುಡಿಸಿ ಒರೆಸಿದ್ದು. ಸಂಜೆ ಅದನ್ನು ಕೊಂಡುಕೊಳ್ಳುವವರು ನೋಡಲು ಬರುವವರಿದ್ದರು.

ವ್ಯಾನೆಂದರೆ ಒಂದು ಕಾಲಕ್ಕೆ ಜನರನ್ನು ಊಟಿ, ಧರ್ಮಸ್ಥಳ ಎಂದು ಸುತ್ತಿಸಿಕೊಂಡು ಬರುತ್ತಿದ್ದ ಹಳೆಯ ಗಾಡಿ. ನಮ್ಮ ಯಜಮಾನರು ಅದನ್ನು ತಂದು, ಜರಗನಹಳ್ಳಿಯ ಒಂದು ಶೆಡ್ಡಿನಲ್ಲಿ ಸೀಟುಗಳನ್ನೆಲ್ಲ ಕೀಳಿಸಿ, ಒಳಗೆ ಎರಡು ಮಂಚ, ಒಂದು ಸಿಂಕು, ಒಂದು ಒಲೆ, ಮೇಲೆ ಬಟ್ಟೆಗೆ ಗೂಡು ಎಲ್ಲ ಮಾಡಿಸಿದ್ದರು. ಅದಕ್ಕೆ ಬ್ಯಾಟರಿ ಎರಡು. ಒಂದು ಎಂಜಿನ್ನಿಗೆ. ಇನ್ನೊಂದು ಒಳಗಿನ ಸಂಸಾರಕ್ಕೆ, ಅಂದರೆ ದೀಪ, ಫ್ಯಾನು, ಪ್ಲಗ್ಗು ಇವುಗಳಿಗೆ. ಅದು ಹಿಂದಿನ ಮಂಚದ ಕೆಳಗಿತ್ತು. ಗಾಡಿ ಓಡುವಾಗ ಎಂಜಿನ್ನಿನಿಂದ, ಬಿಸಿಲಿದ್ದಾಗ ಮೇಲಿನ ಸೋಲಾರ್ ಹಲಗೆಯಿಂದ, ಮನೆಯ ಮುಂದೆ ನಿಂತಾಗ ನಮ್ಮ ವರಾಂಡದ ಪ್ಲಗ್ಗಿನಿಂದ ಎಳೆದ ವೈರಿನ ಮೂಲಕ ಅದು ಚಾರ್ಜ್ ಆಗಬೇಕು. ಮೂರು ದಾರಿ ಇಟ್ಟಿದ್ದೀನಿ, ಒಂದು ಕೈಕೊಟ್ಟರೆ ಇನ್ನೊಂದು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಇಷ್ಟೆಲ್ಲ ಮಾಡಿಸಿದ್ದು ಊರು ಸುತ್ತುವ ಶೋಕಿಗಲ್ಲ. ಅತ್ತೆಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಡಾಕ್ಟರು ಒಂದು ಯಂತ್ರ ಬರೆದುಕೊಟ್ಟರು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ, ನಮ್ಮ ಮನೆಯಲ್ಲಿ ಅದು ಬರೀ ಮಿಷನ್. ರಾತ್ರಿ ಮೂಗಿಗೆ ಮಾಸ್ಕು ಕಟ್ಟಿಕೊಂಡು ಮಲಗಬೇಕು. ಅದು ಬೆಳಗಿನವರೆಗೆ ಗಾಳಿ ಊದುತ್ತಿರುತ್ತದೆ. ಒಮ್ಮೆ ನೆಂಟರ ಮದುವೆಗೆಂದು ಹೋಗಿ ಛತ್ರದಲ್ಲಿ ಮಲಗಿದ್ದಾಗ ಕರೆಂಟು ಹೋಯಿತು. ಮಿಷನ್ ನಿಂತು, ಮಾಸ್ಕು ಮೂಗಿಗೆ ಬಿಗಿದುಕೊಂಡು, ಅತ್ತೆ ಕತ್ತಲಲ್ಲಿ ಎದ್ದು ಕುಳಿತು ನನ್ನ ಕೈಯನ್ನು ಹಿಡಿದ ರೀತಿ ನನಗೆ ಇವತ್ತಿಗೂ ಮರೆತುಹೋಗಿಲ್ಲ. ಆಮೇಲೆ ಅವರು ಒಂದು ಮಾತು ಹಿಡಿದುಬಿಟ್ಟರು. ಕರೆಂಟು ಎಲ್ಲಿಂದ ಬರುತ್ತದೆ ಎಂದು ತನ್ನ ಕಣ್ಣಿಗೆ ಕಾಣದ ಕಡೆ ಮಲಗುವುದಿಲ್ಲ. ಮನೆಯಲ್ಲಿ ಯುಪಿಎಸ್ ಇದೆ, ಅದು ಅವರ ಮಂಚಕ್ಕೆ ಎದುರಿಗೇ ಇದೆ.

ಮಾಸ್ಕಿನ ಪಟ್ಟಿ ಕಟ್ಟುವುದು ನಾನು. ಬೇರೆಯವರು ಕಟ್ಟಿದರೆ ಒಂದೋ ಗಾಳಿ ಸೋರುತ್ತದೆ, ಇಲ್ಲ ಕಿವಿ ನೋಯುತ್ತದೆ. ಯಜಮಾನರು ಕಟ್ಟಿದ ರಾತ್ರಿ ಅತ್ತೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದರು. ಹೀಗಾಗಿ ಅವರು ಎಲ್ಲಿಯೂ ಮಲಗದಿದ್ದರೆ ನಾನೂ ಎಲ್ಲಿಯೂ ಮಲಗುವಂತಿಲ್ಲ. ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ಸು ಬರುವಷ್ಟು ದೂರವೇ ನನ್ನ ಪ್ರಪಂಚ ಎಂದಾಯಿತು. ಬನಶಂಕರಿ ದೇವಸ್ಥಾನ, ಜಯನಗರದ ಕಾಂಪ್ಲೆಕ್ಸು, ಯಡಿಯೂರು ಕೆರೆಯ ಸುತ್ತ ಒಂದು ನಡಿಗೆ. ಯಾರೂ ನನ್ನನ್ನು ಹಿಡಿದಿಟ್ಟಿರಲಿಲ್ಲ. ಅದೇ ತೊಂದರೆ. ಯಾರಾದರೂ ಹಿಡಿದಿಟ್ಟಿದ್ದರೆ ಜಗಳವಾಡಬಹುದಿತ್ತು.

ಹಿರಿಯೂರಿನ ಕಡೆ ಇರುವ ನನ್ನ ಅಕ್ಕನಿಗೆ ಮಂಡಿಯ ಆಪರೇಷನ್ ನಿಗದಿಯಾಗಿತ್ತು. ಮನೆಗೆ ಬಂದ ಮೇಲೆ ಒಂದು ವಾರವಾದರೂ ಜೊತೆಗಿರಲು ನಾನು ಬೇಕು ಎಂದು ಅವಳು ಕೇಳಿದ್ದಳು. ಅವಳು ಏನನ್ನಾದರೂ ಕೇಳುವವರ ಪೈಕಿಯಲ್ಲ. ಅವರ ಊರಿನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ವ್ಯಾನಾದರೆ ಅಕ್ಕನ ಮನೆಯ ಅಂಗಳದಲ್ಲಿ ನಿಲ್ಲಿಸಿ, ಅತ್ತೆಯನ್ನು ಅದರಲ್ಲಿ ಮಲಗಿಸಿ, ಹಗಲು ಅಕ್ಕನನ್ನು ನೋಡಿಕೊಳ್ಳಬಹುದು. ಲೆಕ್ಕ ಸರಿಯಾಗಿತ್ತು. ಶ್ರಾವಣ ಕಳೆದ ಮೇಲೆ ಒಂದು ರಾತ್ರಿ ಮನೆಯ ಮುಂದೆಯೇ ವ್ಯಾನಿನಲ್ಲಿ ಮಲಗಿ ನೋಡಿದ್ದೆವು. ಮಿಷನ್ ಬೆಳಗಿನವರೆಗೆ ನಡೆದಿತ್ತು, ಅತ್ತೆ ಎದ್ದು ಪರವಾಗಿಲ್ಲ ಎಂದಿದ್ದರು.

ದೀಪಾವಳಿಯ ಹೊತ್ತಿಗೆ ಎಲ್ಲ ಕೆಟ್ಟಿತು. ಮಿಷನ್ ಹಾಕಿದ ಸ್ವಲ್ಪ ಹೊತ್ತಿಗೇ ಬ್ಯಾಟರಿಯ ಕರೆಂಟನ್ನು ಮಿಷನ್ನಿಗೆ ಕೊಡುವ, ಮಂಚದ ಪಕ್ಕದ ಡಬ್ಬಿ ಕುಂಯ್ ಕುಂಯ್ ಎಂದು ಕೂಗಿ ಆರಿಹೋಗುತ್ತಿತ್ತು. ವೈರು ಚುಚ್ಚಿದರೆ ಚಾರ್ಜರಿನ ಕೆಂಪು ದೀಪ ಬೇಗ ಬೇಗ ಹಸಿರಾಗಿ, ತುಂಬಿತು ಎನ್ನುತ್ತಿತ್ತು. ತುಂಬಿದ ಬ್ಯಾಟರಿ ಅದೇ ರಾತ್ರಿ ಖಾಲಿ. ಯಜಮಾನರು ಚಾರ್ಜರು ಬದಲಾಯಿಸಿದರು. ಹೊಸದೂ ಅಷ್ಟೇ ಬೇಗ ಹಸಿರಾಯಿತು. ಸೋಲಾರಿನ ಮೇಲೆ ಪಕ್ಕದವರ ಹೊಸ ಮಹಡಿಯ ನೆರಳು ಬಿದ್ದಿತ್ತು, ಅದನ್ನು ಬೈದರು. ಬ್ಯಾಟರಿ ಅಂಗಡಿಯವರು ಬಂದು ನೋಡಿ, ಬ್ಯಾಟರಿಯೇ ಹೋಗಿದೆ, ಬೇರೆ ಹಾಕಿಸಿ ಎಂದರು. ಯಾಕೆ ಹೋಯಿತೆಂದು ಗೊತ್ತಾಗದೆ ಬೇರೆ ಹಾಕಿದರೆ ಅದೂ ಹೋಗುತ್ತದೆ ಎಂದು ಇವರು ಹಾಕಿಸಲಿಲ್ಲ. ಎಂಜಿನ್ ಓಡಿಸಿ ನೋಡೋಣವೆಂದರೆ, ಸಂಕ್ರಾಂತಿಗೆ ಮುಂಚೆ ಪೈಪು ಹಾಕುವವರು ಬಂದು ವ್ಯಾನಿನ ಮೂತಿಯ ಮುಂದೆಯೇ ರಸ್ತೆ ಅಗೆದರು. ಹಿಂದೆ ಎದುರು ಮನೆಯವರ ಮರಳು. ಬಲಕ್ಕೆ ನಮ್ಮ ಕಾಂಪೌಂಡು. ಎಡಕ್ಕೆ, ಬಾಗಿಲಿರುವ ಕಡೆ, ಅಗೆದ ರಸ್ತೆಯಿಂದ ತಪ್ಪಿಸಿಕೊಂಡು ಬಂದ ಮೇಲಿನ ಮನೆಯವರ ಕಾರು. ಬಾಗಿಲು ಒಂದು ಗೇಣು ತೆರೆಯುತ್ತಿತ್ತು. ನಾವು ಹಿಂದಿನ ಬಾಗಿಲಿನಿಂದ, ಮರಳಿನ ಮೇಲೆ ಕಾಲಿಟ್ಟು, ಮಂಚ ಹತ್ತಿ ಇಳಿದು ಒಳಗೆ ಹೋಗಬೇಕಾಗಿತ್ತು.

ಒಂದು ದಿನ ಯಜಮಾನರು ಊಟದ ಮಧ್ಯೆ, ಮಾರಿಬಿಡೋಣ ಎಂದರು. ನಾನು ಮಜ್ಜಿಗೆ ಬಡಿಸಿದೆ. ಬೇಡ ಎನ್ನಲು ನನ್ನ ಹತ್ತಿರ ಏನಿತ್ತು? ರಸ್ತೆಯ ಗುಂಡಿ ಮುಚ್ಚಿದ ಮೇಲೆ ಬಂದು ತೆಗೆದುಕೊಂಡು ಹೋಗುವುದಾಗಿ, ಶನಿವಾರ ಸಂಜೆ ನೋಡಿ ಮಾತು ಮುಗಿಸುವುದಾಗಿ ಬಿಟಿಎಂ ಲೇಔಟ್ ಕಡೆಯವರೊಬ್ಬರು ಒಪ್ಪಿದ್ದರು.

ಹಾಗೆ ಆ ಶನಿವಾರ ನಾನು ಪೊರಕೆ ಹಿಡಿದು ವ್ಯಾನಿನೊಳಗೆ ಇದ್ದೆ. ಮಧ್ಯಾಹ್ನದ ಕಾವಿಗೆ ಮೇಲಿನ ತಗಡು ಒಲೆಯ ಮುಚ್ಚಳದಂತಾಗಿತ್ತು. ಒಂದು ಕಿಟಕಿಗೆ ಗೋಡೆ, ಇನ್ನೊಂದಕ್ಕೆ ಕಾರು. ಅತ್ತೆ ಹಿಂದಿನ ಮಂಚದ ಮೇಲೆ ಕೂತಿದ್ದರು. ಹೊರಗೆ ಗುಂಡಿ ಮಣ್ಣಿನ ಧೂಳು, ಮನೆಯೊಳಗೆ ಒಬ್ಬರೇ ಕೂತರೆ ಬೇಜಾರು, ಆದ್ದರಿಂದ ನಾನಿದ್ದ ಕಡೆ ಅವರು. ಮಾಡಲು ಕೆಲಸವಿಲ್ಲದ ಕೈಯಿಂದ ದಿಂಬಿನ ಮೇಲಿನ ನೂಲುಗಳನ್ನು ಕೀಳುತ್ತಿದ್ದರು. ಯಜಮಾನರು ಕೊನೆಯ ಸಲವೆಂದು ವೈರು ಚುಚ್ಚಿ, ಚಾರ್ಜರಿನ ಹತ್ತಿರ ಮೀಟರಿನ ಎರಡು ಕಡ್ಡಿ ಇಟ್ಟು ನೋಡಿ, “ಹದಿನಾಲ್ಕು ವೋಲ್ಟ್ ಬರ್ತಿದೆ. ಸರಿಯಾಗೇ ಬರ್ತಿದೆ,” ಎಂದರು. ಅಷ್ಟರಲ್ಲೇ ದೀಪ ಹಸಿರಾಗಲು ಶುರುವಾಯಿತು.

ನಾನು ಮಂಚದ ಕೆಳಗೆ ಗುಡಿಸಲು ಅಲ್ಲಿನ ಪುಟ್ಟ ಬಾಗಿಲು ತೆಗೆದೆ. ಕಸ ಎಳೆಯಲು ಕೈ ಚಾಚಿದಾಗ ಬೆರಳಿಗೆ ಬ್ಯಾಟರಿಯ ಒಂದು ತಲೆ ತಗುಲಿತು. ಬೆಚ್ಚಗಿತ್ತು. ಇನ್ನೊಂದು ತಲೆ ಮುಟ್ಟಿ ನೋಡಿದೆ, ಅದೂ ಬೆಚ್ಚಗೆ. ಆದರೆ ಬ್ಯಾಟರಿಯ ಮೈ ತಣ್ಣಗಿತ್ತು. ನನಗೆ ಬ್ಯಾಟರಿ ಗೊತ್ತಿಲ್ಲ. ಇಸ್ತ್ರಿ ಪೆಟ್ಟಿಗೆ ಗೊತ್ತು, ಗೀಸರು ಗೊತ್ತು. ಪಿನ್ನು ಸಡಿಲವಾಗಿ ಕೂತ ಪ್ಲಗ್ಗು ಹೀಗೆಯೇ ಬಿಸಿಯಾಗುತ್ತದೆ, ಒಳಗಿನದು ಬಿಸಿಯಾಗುವುದಿಲ್ಲ.

“ರೀ, ಇಲ್ಲಿ ಮೀಟರಿಟ್ಟು ನೋಡಿದ್ರಾ?” ಎಂದು ಕೇಳಿದೆ.

ಅಲ್ಲೂ ಇಲ್ಲೂ ಒಂದೇ ವೈರು ತಾನೇ, ಅಲ್ಲಿ ಯಾಕೆ ನೋಡಬೇಕು ಎಂದರು. ನಿಜವಾದ ಕಾರಣ ಬೇರೆ. ಮಂಚದ ಹಲಗೆಯನ್ನು ದಸರೆಯ ನಂತರ ಕಾರ್ಪೆಂಟರು ಬಂದು ಬಡಿದು ಗಟ್ಟಿ ಮಾಡಿದ ಮೇಲೆ ಬ್ಯಾಟರಿಗೆ ಉಳಿದದ್ದು ಈ ಪುಟ್ಟ ಬಾಗಿಲೊಂದೇ. ಅದರಲ್ಲಿ ಇವರ ಭುಜ ಹೋಗುತ್ತದೆ, ಹೊಟ್ಟೆ ಹೋಗುವುದಿಲ್ಲ. ಕೈಯಷ್ಟೇ ಚಾಚಿ ಕಾಣದ ಕಡೆ ಕಡ್ಡಿ ಇಡುವ ಹಾಗಿಲ್ಲ. ಅಂಗಡಿಯವರೂ ಅದೇ ಮೈಯವರು, ಅವರೂ ಹೊರಗಿನಿಂದಲೇ ನೋಡಿ ತೀರ್ಪು ಕೊಟ್ಟಿದ್ದರು.

“ನಾನು ಹೋಗ್ತೀನಿ,” ಎಂದೆ.

ಬಳೆ ತೆಗೆ, ಲೋಹ ತಗುಲಿದರೆ ಕಿಡಿ ಹಾರುತ್ತದೆ ಎಂದರು ಯಜಮಾನರು. ಮೇಲಿನಿಂದ ಅತ್ತೆ, ಶನಿವಾರ ಬರಿಗೈ ಮಾಡಿಕೊಳ್ಳಬೇಡ ಎಂದರು. ನಾನು ಒರೆಸುವ ಬಟ್ಟೆಯನ್ನು ಹರಿದು ಬಳೆಗಳ ಮೇಲೆ ಸುತ್ತಿಕೊಂಡು, ತಾಳಿಯನ್ನು ರವಿಕೆಯೊಳಗೆ ಸೇರಿಸಿ, ಮಲಗಿ, ತಲೆಯನ್ನು ಒಳಗೆ ತೂರಿಸಿದೆ.

ಒಳಗೆ ಮಂಚದ ಹಲಗೆ ಮೂಗಿಗೆ ತಾಗುವಷ್ಟು ಹತ್ತಿರ. ಅದರ ಮೇಲೆ ಅತ್ತೆಯ ಭಾರಕ್ಕೆ ಮರ ಕಿರ್ ಎನ್ನುತ್ತಿತ್ತು. ಸೊಂಟದ ಹತ್ತಿರ ಸೀರೆಯ ನೆರಿಗೆ ಯಾವುದೋ ಸ್ಕ್ರೂಗೆ ಸಿಕ್ಕಿಕೊಂಡು, ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಸ್ವಲ್ಪ ಹೊತ್ತು ಹಾಗೇ ಇದ್ದೆ. ಗಾಳಿ ಇರಲಿಲ್ಲ. ಹಳೆಯ ರಬ್ಬರು, ಧೂಳು, ಬ್ಯಾಟರಿಯ ಹುಳಿ ವಾಸನೆ. ಛತ್ರದಲ್ಲಿ ಅತ್ತೆ ನನ್ನ ಕೈ ಹಿಡಿದದ್ದು ನೆನಪಾಯಿತು. ಉಸಿರಿಗೆ ಜಾಗವಿಲ್ಲದಿದ್ದರೆ ಹೇಗಿರುತ್ತದೆಂದು ಅವರ ಬಾಯಿಂದ ಕೇಳಿದ್ದೆ. ಅವತ್ತು ಅದು ನನ್ನ ಎದೆಗೂ ಬಂತು.

“ಏನಾಯ್ತೇ? ಸಿಕ್ಕಾಕೊಂಡ್ಯಾ?” ಎಂದರು ಯಜಮಾನರು.

“ಸಿಕ್ಕಾಕೊಂಡು ಯಾವ ಕಾಲ ಆಯ್ತು. ಮೀಟರ್ ಕೊಡಿ.”

ಮೇಲಿನಿಂದ ಅತ್ತೆ ಕುಲುಕಿ ನಕ್ಕಿದ್ದು ಹಲಗೆಯ ಮೂಲಕ ಗೊತ್ತಾಯಿತು.

ಕಡ್ಡಿಗಳನ್ನು ಬ್ಯಾಟರಿಯ ತಲೆಗಳನ್ನು ಅಪ್ಪಿ ಹಿಡಿದಿದ್ದ, ವೈರಿನ ತುದಿಯ ಲೋಹದ ಬಳೆಗಳ ಮೇಲೆ ಇಟ್ಟೆ. ಹದಿನಾಲ್ಕು ಎಂದು ಅವರು ಹೊರಗಿನಿಂದ ಓದಿದರು. ಆಮೇಲೆ ಆ ಬಳೆಗಳ ನಡುವೆ ಎದ್ದು ನಿಂತ ಬ್ಯಾಟರಿಯ ಸೀಸದ ಮೊಳೆಗಳ ನೆತ್ತಿಯ ಮೇಲೆ ಇಟ್ಟೆ. ಅವರು ಓದಲಿಲ್ಲ. ಇನ್ನೊಮ್ಮೆ ಇಡು ಎಂದರು. ಇಟ್ಟೆ.

“ಹನ್ನೆರಡು,” ಎಂದರು. “ಅದು ಹೆಂಗೆ? ಅಲ್ಲಿಗೂ ಇಲ್ಲಿಗೂ ಒಂದು ಕೂದಲೆಳೆ ದೂರ ಇಲ್ಲ.”

ಅರ್ಥವಾದದ್ದು ಇಷ್ಟು: ವೈರಿನವರೆಗೆ ಬಂದ ಕರೆಂಟು ಬ್ಯಾಟರಿಯೊಳಗೆ ಇಳಿಯುತ್ತಿರಲಿಲ್ಲ. ಬಾಗಿಲಲ್ಲೇ ತಡೆದು ನಿಂತು ಕಾವಾಗುತ್ತಿತ್ತು. ಬಾಗಿಲವರೆಗೆ ತುಂಬಿದ್ದನ್ನು ನೋಡಿ ಚಾರ್ಜರು ಮನೆಯೆಲ್ಲ ತುಂಬಿತೆಂದುಕೊಂಡು ಹಸಿರು ದೀಪ ಹಾಕಿ ಸುಮ್ಮನಾಗುತ್ತಿತ್ತು. ರಾತ್ರಿ ಮಿಷನ್ ಎಳೆಯುವಾಗಲೂ ಅದೇ ಬಾಗಿಲಲ್ಲಿ ಅಡ್ಡಿ.

ಪ್ಲಗ್ಗು ಕಿತ್ತ ಮೇಲೆ ನಟ್ಟು ಬಿಚ್ಚಿದೆ. ವೈರಿನ ಬಳೆಯನ್ನು ಎತ್ತಿದಾಗ ಅದರ ಅಡಿಯಲ್ಲಿ, ಮೊಳೆಯ ಸುತ್ತ, ಬೂದುಬಿಳಿ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಕೈ ಹೊರಗೆ ಚಾಚಿ ತೋರಿಸಿದೆ. ಆಸಿಡ್ಡು ಹೂ ಬಿಟ್ಟಿರುತ್ತದೆ, ಎಲ್ಲ ಬ್ಯಾಟರಿಗೂ ಬಿಡುತ್ತದೆ ಎಂದರು ಯಜಮಾನರು. ನಾನು ಬೆರಳ ತುದಿಯಲ್ಲಿ ಉಜ್ಜಿದೆ. ದಿನಾ ಬೆಳಿಗ್ಗೆ ಅತ್ತೆಗೆ ನೀರಿನಲ್ಲಿ ಕಲಸಿಕೊಡುವ ನುಣುಪು. ನಡುವೆ ಒಂದು ಚೂರು ಕುಂಕುಮದ ಕೆಂಪು.

“ಇದು ವಿಭೂತಿ ಕಣ್ರೀ.”

ಮೇಲೆ ಹಲಗೆ ಅಲುಗಲಿಲ್ಲ. ಆಮೇಲೆ ಅತ್ತೆಯ ದನಿ ಬಂತು. “ನಾನೇ ಹಚ್ಚಿದ್ದು. ಆಯುಧ ಪೂಜೆ ದಿನ. ಇವನು ವೈರೆಲ್ಲ ಬಿಚ್ಚಿ, ಒರೆಸಿ, ಮುಂದಿಟ್ಟಿದ್ದ. ಎರಡು ತಲೇನೂ ಮಿಣಮಿಣ ಅಂತಿದ್ವು. ಬರೀ ಹಣೇಲಿ ಹೆಂಗೆ ಬಿಡೋದು?”

ಆ ದಿನ ನನಗೂ ನೆನಪಿತ್ತು. ನಮ್ಮಲ್ಲಿ ಆಯುಧ ಪೂಜೆಗೆ ಈಳಿಗೆಮಣೆಯಿಂದ ಹಿಡಿದು ಮಿಕ್ಸಿಯವರೆಗೆ ತೊಳೆದು ಇಡುತ್ತೇವೆ, ಎಲ್ಲಕ್ಕೂ ಮೂರು ಪಟ್ಟೆ ವಿಭೂತಿ. ಅತ್ತೆ ತಟ್ಟೆ ಹಿಡಿದು ವ್ಯಾನು ಹತ್ತಿದ್ದರು. ಸ್ಟೇರಿಂಗಿಗೆ, ಒಲೆಗೆ, ಸಿಂಕಿಗೆ, ತಮ್ಮ ಮಿಷನ್ನಿಗೆ ಹಚ್ಚಿದ್ದರು.

“ನೀವು ಮತ್ತೆ ವೈರು ಹಾಕುವಾಗ ನೋಡಲಿಲ್ಲವಾ?” ಎಂದು ಯಜಮಾನರನ್ನು ಕೇಳಿದೆ.

ಅವರು ಮೀಟರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು. “ನೋಡಿದೆ. ಅಮ್ಮ ಹಚ್ಚಿದ್ದನ್ನ ಹಬ್ಬದ ದಿನವೇ ಒರೆಸೋದಾ ಅಂತ... ಅದರ ಮೇಲೇ ಹಾಕಿ ಬಿಗಿದೆ.”

ಬೈಯಲು ಯಾರೂ ಇರಲಿಲ್ಲ. ನಾನಾಗಿದ್ದರೂ ಒರೆಸುತ್ತಿರಲಿಲ್ಲ. ಒದ್ದೆ ವಿಭೂತಿಯ ಮೇಲೆ ನಟ್ಟು ಬಿಗಿದು, ಅದು ಒಣಗಿ ಗಾರೆಯಾಗಿ, ನಮ್ಮನ್ನು ಇಷ್ಟು ತಿಂಗಳು ಈ ರಸ್ತೆಯಲ್ಲಿ ಕೂಡಿಹಾಕಿತ್ತು.

ಅತ್ತೆಗೆ ಮಾತ್ರ ಅದು ಬೇರೆ ರೀತಿ ನಾಟಿತು. ಮಂಚದಿಂದ ಬಗ್ಗಿ, ಬಾಗಿಲಿನ ಸಂದಿಯಲ್ಲಿ ನನ್ನ ಮುಖ ಹುಡುಕುತ್ತಾ, “ನನ್ನ ಉಸಿರಿಗೆ ನಾನೇ ಅಡ್ಡ ಹಾಕೊಂಡ್ನಲ್ಲವ್ವ,” ಎಂದರು. ಸ್ವಲ್ಪ ತಡೆದು, “ನಿನಗೂ,” ಎಂದರು.

ಅವರ ಕಣ್ಣಿಗೆ ನನ್ನ ಮುಖ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಅದು ಒಳ್ಳೆಯದಾಯಿತು. ಒರೆಸಲಾ ಎಂದು ಕೇಳಿದೆ. ಒರೆಸು, ಆದರೆ ಆ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಬೇಡ, ನೀರನ್ನು ಪತ್ರೆ ಗಿಡಕ್ಕೆ ಹಾಕು ಎಂದರು. ಹಾಗೆಯೇ ಮಾಡಿದೆವು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಯಜಮಾನರು ಕೊಟ್ಟ ಉಪ್ಪುಕಾಗದದಲ್ಲಿ ತಿಕ್ಕಿ, ಸೀಸ ಹೊಳೆಯುವಂತೆ ಮಾಡಿ, ವೈರಿನ ಬಳೆಗಳನ್ನು ಕೂರಿಸಿ ಬಿಗಿದೆ. ಹೊರಗೆ ಬರುವಾಗ ಸೀರೆ ಚರ್ ಎಂದು ಹರಿಯಿತು.

ವೈರು ಚುಚ್ಚಿದಾಗ ಚಾರ್ಜರಿನ ಒಳಗಿನ ಫ್ಯಾನು, ನಾವು ಅದುವರೆಗೆ ಕೇಳಿಯೇ ಇರದ ಸದ್ದಿನಲ್ಲಿ ತಿರುಗಲು ಶುರುವಾಯಿತು. ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಊಟ ಮಾಡಿ ಬಂದು ನೋಡಿದರೂ ಕೆಂಪು. ಹಸಿರನ್ನು ಕಂಡು ಅಷ್ಟು ತಿಂಗಳು ಮೋಸಹೋದವರಿಗೆ ಆ ಕೆಂಪು ಎಷ್ಟು ನೆಮ್ಮದಿ ಕೊಟ್ಟಿತೆಂದು ಹೇಳಲಾರೆ. ಆದರೆ ಯಜಮಾನರು ಹುಷಾರಿನ ಮನುಷ್ಯ. ಇಷ್ಟು ದಿನ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ, ಒಳಗೆ ಎಷ್ಟು ಸತ್ತಿದೆಯೋ ಗೊತ್ತಿಲ್ಲ, ರಾತ್ರಿಯಿಡೀ ನಡೆಸಿ ನೋಡದೆ ನಂಬುವಂತಿಲ್ಲ ಎಂದರು. ಬರುವವರಿಗೆ ಬೇಡವೆಂದು ಫೋನು ಮಾಡಿ ಎಂದೆ. ಮಾತು ಕೊಟ್ಟಾಗಿದೆ, ಬಂದು ನೋಡಿಕೊಂಡು ಹೋಗಲಿ, ನಾಳೆ ನಿಂತುಹೋದರೆ ಮತ್ತೆ ಯಾರನ್ನು ಹುಡುಕುವುದು ಎಂದರು. ಅದೂ ಸರಿಯೇ. ಎಲ್ಲರ ಮಾತೂ ಸರಿಯಾಗಿರುವ ಮನೆಯಲ್ಲಿ ಅಲುಗಾಡಲು ಜಾಗವಿರುವುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಮನೆಯೊಳಗೆ ಹೋಗಿ ತಾವೇ ಮಿಷನ್ನನ್ನು ಚೀಲಕ್ಕೆ ಹಾಕಿ ಎತ್ತಿಕೊಂಡು ಬಂದರು. ಮರಳಿನ ಮೇಲೆ ಕೈಹಿಡಿದು ಹತ್ತಿಸಿದೆ.

“ಮನೆ ವೈರು ಕಿತ್ತಾಕು,” ಎಂದರು. “ಮಾಸ್ಕು ಕಟ್ಟು. ನಾನೀಗ ಮಲಗ್ತೀನಿ.”

ಅತ್ತೆ ಹಗಲು ಮಲಗುವವರಲ್ಲ. ಅದರಲ್ಲೂ ದೀಪ ಹಚ್ಚುವ ಹೊತ್ತಿಗೆ ಮಲಗಿದವರನ್ನು ಎಬ್ಬಿಸುವವರು. ಯಜಮಾನರು ವೈರು ಕಿತ್ತರು. ನಾನು ಪಟ್ಟಿಯನ್ನು ಕಿವಿಯ ಮೇಲಿಂದ ತಂದು, ಕತ್ತಿನ ಹಿಂದೆ ಎರಡು ಬೆರಳು ಸಡಿಲ ಬಿಟ್ಟು ಕಟ್ಟಿದೆ. ಪುಟ್ಟ ಬಾಗಿಲು ಮುಚ್ಚಬೇಡ, ಬ್ಯಾಟರಿ ಕಾಣಲಿ ಎಂದು ಕೈಸನ್ನೆ ಮಾಡಿದರು. ಮಂಚದ ಮೇಲೆ ಮಲಗಿದವರಿಗೆ ಅದು ಕಾಣುವುದಿಲ್ಲ. ಆದರೂ ತೆರೆದಿಟ್ಟೆ. ಮಿಷನ್ ಊದತೊಡಗಿತು. ಅವರ ಕೈ ನನ್ನ ಮಣಿಕಟ್ಟಿನ ಮೇಲೆ ಇತ್ತು. ಮೊದಲು ಬಿಗಿಯಾಗಿ, ಆಮೇಲೆ ಭಾರವಾಗಿ, ಆಮೇಲೆ ತಾನಾಗಿ ಜಾರಿ ಹಾಸಿಗೆಯ ಮೇಲೆ ಬಿತ್ತು.

ಕೊಳ್ಳುವವರು ಬಂದಾಗ ಬೀದಿದೀಪ ಹತ್ತಿತ್ತು. ಗುಂಡಿ ದಾಟಿ, ಪ್ಯಾಂಟಿನ ಧೂಳು ಕೊಡವಿಕೊಂಡು, ಒಳಗೆ ನೋಡಬಹುದಾ ಸಾರ್ ಎಂದು ಕೇಳಿದರು. ಯಜಮಾನರು ಹಿಂದಿನ ಬಾಗಿಲವರೆಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು, ನಿಂತರು. ಒಳಗಿನಿಂದ ಮಿಷನ್ನಿನ ಸದ್ದು ಕೇಳುತ್ತಿತ್ತು. ಅವರು ಹಿಡಿ ತಿರುಗಿಸಲಿಲ್ಲ.

“ಅಮ್ಮ ಮಲಗಿದ್ದಾರೆ,” ಎಂದರು.

“ಎದ್ದ ಮೇಲೆ ನೋಡ್ಲಾ? ಕಾಯ್ತೀನಿ, ಪರವಾಗಿಲ್ಲ.”

ಯಜಮಾನರು ನನ್ನ ಮುಖ ನೋಡಿದರು. ನಾನು ಹರಿದ ಸೀರೆಯಲ್ಲೇ ಇದ್ದೆ, ಕೈಬಳೆಯ ಮೇಲಿನ ಬಟ್ಟೆಯನ್ನೂ ಬಿಚ್ಚಿರಲಿಲ್ಲ. “ಕೊಡಲ್ಲ ಸಾರ್, ಬೇಜಾರು ಮಾಡ್ಕೋಬೇಡಿ,” ಎಂದೆ.

“ಹಂಗಾದ್ರೆ ಯಾಕೆ ಕರೆಸಿದ್ರಿ ಮೇಡಂ? ಈ ಟ್ರಾಫಿಕ್ಕಲ್ಲಿ ಬಂದಿದ್ದೀನಿ.”

ತಪ್ಪಾಯಿತು, ಕಾಫಿ ಕುಡಿದುಕೊಂಡು ಹೋಗಿ ಎಂದೆ. ಕಾಫಿ ಕುಡಿದರು. ಒಳಗೆ ಓಡುತ್ತಿರುವುದು ಏನು ಎಂದು ಕೇಳಿದರು. ಯಜಮಾನರು ಹೇಳಿದರು. ತಮ್ಮ ತಂದೆಯೂ ಗೊರಕೆ ಹೊಡೆಯುತ್ತಾರೆ, ಡಾಕ್ಟರಿಗೆ ತೋರಿಸಬೇಕು ಎಂದು ಹೇಳುತ್ತಾ ಅವರು ಗುಂಡಿ ದಾಟಿ ಹೋದರು.

ಅಕ್ಕನಿಗೆ ಫೋನು ಮಾಡಿ, ರಸ್ತೆಯ ಗುಂಡಿ ಮುಚ್ಚಿದ ಮಾರನೆಯ ದಿನ ಬರುತ್ತೇವೆ ಎಂದೆ. ಯಾವಾಗ ಮುಚ್ಚುತ್ತಾರೆ ಎಂದು ಅವಳು ಕೇಳಿದಳು. ಅದು ಯಾರಿಗೂ ಗೊತ್ತಿರಲಿಲ್ಲ. ವ್ಯಾನಿನ ಮುಂದೆ ಗುಂಡಿ ಹಾಗೆಯೇ ಬಾಯಿ ತೆರೆದುಕೊಂಡಿತ್ತು, ಹಿಂದೆ ಮರಳು ಹಾಗೆಯೇ ಇತ್ತು. ಬ್ಯಾಟರಿ ರಾತ್ರಿಯಿಡೀ ನಡೆಯುತ್ತದೆಂದೂ ಯಾರೂ ಬರೆದುಕೊಟ್ಟಿರಲಿಲ್ಲ. ನಡೆಯದಿದ್ದರೆ ಬೇರೆ ಹಾಕಿಸೋಣ, ಈಗ ಕಾರಣ ಗೊತ್ತಲ್ಲ ಎಂದರು ಯಜಮಾನರು.

ರಾತ್ರಿಗೆ ಶ್ಯಾವಿಗೆ ಉಪ್ಪಿಟ್ಟು ಮಾಡಿ, ತಟ್ಟೆಗಳನ್ನು ವ್ಯಾನಿಗೇ ತಂದು, ಮುಂದಿನ ಮಂಚದ ಮೇಲೆ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ಇಬ್ಬರೇ ಮೊಸರು ಹಾಕಿಕೊಂಡು ತಿಂದೆವು. ಅತ್ತೆಯ ಪಾಲನ್ನು ಒಲೆಯ ಮೇಲೆ ಮುಚ್ಚಿಟ್ಟೆ. ಮಿಷನ್ ಊದುತ್ತಲೇ ಇತ್ತು, ಅವರು ಊಟಕ್ಕೂ ಏಳದೆ ಎಲ್ಲರಿಗಿಂತ ಮೊದಲೇ ಮಲಗಿಬಿಟ್ಟಿದ್ದರು.